ಪಿಡುಗಿನ ಲೆಕ್ಕವೂ ಗಣಕಯಂತ್ರವೂ

ಊರಿನ ಒಂದು ಮಗುವಿಗೆ ದಡಾರ ಬಂದರೆ ಅದು ಎಷ್ಟು ಮಕ್ಕಳಿಗೆ ಹಬ್ಬೀತು ಎಂಬುದನ್ನು ಮೊದಲೇ ಅಂದಾಜು ಮಾಡಲು ಸಾಧ್ಯವೇ? ಸಾಧ್ಯವಿದೆ. ಈ ಕಾರ್ಯದಲ್ಲಿ ವೈದ್ಯರಿಗೆ ಗಣಿತವೂ ಗಣಕಯಂತ್ರವೂ ನೆರವಾಗುತ್ತವೆ.

ಈ ವಿದ್ಯೆ ತೀರ ಹೊಸದಲ್ಲ. ಭಾರತದಲ್ಲಿ ವೈದ್ಯಾಧಿಕಾರಿಯಾಗಿ ಸೇವೆ ಸಲ್ಲಿಸಿದ್ದ ಮೆಕೆಂಡ್ರಿಕ್ ಎಂಬವರು ಕರ್ಮ್ಯಾಕ್ ಎಂಬ ವಿಜ್ಞಾನಿಯೊಡನೆ ಸೇರಿ, ಪಿಡುಗು ಏರಿ ಇಳಿಯುವ ಬಗೆಯನ್ನು ತಿಳಿಸುವ ಗಣಿತಸೂತ್ರವನ್ನು 1927ರಲ್ಲಿ ಪ್ರಕಟಿಸಿದರು. 1905–06ರ ಮುಂಬಯಿ ಪ್ಲೇಗಿನಲ್ಲಿ ವಾರವಾರವೂ ಮಡಿದವರ ಸಂಖ್ಯೆಯೊಡನೆ ಅದನ್ನು ಹೋಲಿಸಿ ನೋಡಿದರು. ಅಂದು ಕೈಯಿಂದ ಮಾಡಿದ ಲೆಕ್ಕವನ್ನು ಇಂದು ಯಂತ್ರ ಬಹು ವಿಸ್ತಾರವಾಗಿ ಮಾಡುತ್ತದೆ. 2020ರಲ್ಲಿ ಕೋವಿಡ್ ಹರಡಿದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಜ್ಞರು ಆ ಎರಡು ನಗರಗಳ ಪ್ರತಿರೂಪಗಳನ್ನು ಗಣಕಯಂತ್ರದಲ್ಲಿ ನಿರ್ಮಿಸಿದರು. ಅದರೊಳಗಿನ ಪ್ರತಿಯೊಬ್ಬ ಕಲ್ಪಿತ ವ್ಯಕ್ತಿಗೂ ಒಂದು ಮನೆಯುಂಟು. ಶಾಲೆಗೋ ಕೆಲಸಕ್ಕೋ ಹೋಗುವವರಿಗೆ ಅದಕ್ಕೊಂದು ಸ್ಥಳವುಂಟು. ಶಾಲೆ ಮುಚ್ಚಿದರೆ ಏನಾದೀತು, ಸೋಂಕಿತರು ಮನೆಯಲ್ಲೇ ಉಳಿದರೆ ಏನಾದೀತು ಎಂಬುದನ್ನು ಜೀವಂತ ಮನುಷ್ಯರ ಮೇಲೆ ಪ್ರಯೋಗಿಸದೆ ಹೀಗೆ ಪರೀಕ್ಷಿಸಬಹುದು.

ಇದರ ತಿರುಳನ್ನು ನೀವು ಸ್ಲೇಟಿನ ಮೇಲೆಯೇ ಮಾಡಿ ನೋಡಬಹುದು. ಯಾರಿಗೂ ರಕ್ಷಣೆಯಿಲ್ಲದ ಕಡೆ ದಡಾರದ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ರೋಗ ತಗಲುತ್ತದೆ. 15 ಎಂದಿಟ್ಟುಕೊಳ್ಳಿ. ನೂರಕ್ಕೆ 80 ಮಕ್ಕಳು ರಕ್ಷಣೆ ಪಡೆದಿದ್ದರೆ ಆ 15ರಲ್ಲಿ 3 ಉಳಿಯುತ್ತದೆ. ಒಂದು ಮೂರಾಗಿ, ಮೂರು ಒಂಬತ್ತಾಗಿ, ಒಂಬತ್ತು ಇಪ್ಪತ್ತೇಳಾಗುತ್ತದೆ. ಪ್ರತಿ ಹೆಜ್ಜೆಗೂ ಹಿಡಿಯುವುದು ಎರಡು ವಾರಕ್ಕಿಂತ ಹೆಚ್ಚಲ್ಲ. 95 ಮಕ್ಕಳು ರಕ್ಷಣೆ ಪಡೆದಿದ್ದರೆ ಉಳಿಯುವುದು ಒಂದಕ್ಕೂ ಕಡಿಮೆ. ಆಗ ಸರಪಳಿ ತಾನಾಗಿಯೇ ಕಡಿಯುತ್ತದೆ. ಇನ್ನೂ ಲಸಿಕೆಯ ವಯಸ್ಸು ತುಂಬದ ಎಳೆಗೂಸಿಗೆ ಇದೇ ಆಶ್ರಯ. ಎಂಬತ್ತು ಸಾಕಲ್ಲವೇ ಎನ್ನುವವರಿಗೆ ಈ ಲೆಕ್ಕವೇ ಉತ್ತರ.

ಗಣಕಯಂತ್ರ ಪಂಚಾಂಗವಲ್ಲ. ನಾವು ಕೊಟ್ಟ ಸಂಖ್ಯೆ ತಪ್ಪಾದರೆ ಅದರ ಉತ್ತರವೂ ತಪ್ಪು. "ಅಮ್ಮ ಬಂದಿದ್ದಾಳೆ" ಎಂದು ಮಗುವನ್ನು ಒಳಕೋಣೆಯಲ್ಲಿ ಮಲಗಿಸಿ ಯಾರಿಗೂ ತಿಳಿಸದಿದ್ದರೆ ಆ ಮಗು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ನಿಮ್ಮ ಭಕ್ತಿಗೆ ನಮ್ಮ ಆಕ್ಷೇಪವಿಲ್ಲ. ಆದರೆ ಜ್ವರದೊಡನೆ ಮೈಮೇಲೆ ಗಂಧೆಗಳೆದ್ದ ದಿನವೇ ಆಶಾ ಕಾರ್ಯಕರ್ತೆಗಾಗಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ ತಿಳಿಸಿರಿ. ಗಂಧೆ ಎದ್ದ ಮೇಲೆ ನಾಲ್ಕು ದಿನ ಮಗುವನ್ನು ಇತರ ಮಕ್ಕಳಿಂದ ದೂರವಿಡಿರಿ. ದಡಾರದಿಂದ ಕಣ್ಣಿಗೆ ಹಾನಿಯಾಗದಂತೆ 'ಎ' ಜೀವಸತ್ವವನ್ನು ಕೊಡಿಸಬೇಕು.

ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸನ್ನು 9 ತಿಂಗಳು ತುಂಬಿದ ಮೇಲೆ ವರ್ಷದೊಳಗೆ, ಎರಡನೆಯದನ್ನು 16ರಿಂದ 24 ತಿಂಗಳೊಳಗೆ ಕೊಡಲಾಗುತ್ತದೆ. ಸುಗ್ಗಿಯ ಕೆಲಸವೋ ತವರಿನ ಪಯಣವೋ ಅಡ್ಡಬಂದು ಎರಡನೆಯದು ತಪ್ಪಿಹೋಗಿದ್ದರೆ ತಾಯಿ ಕಾರ್ಡನ್ನು ತೆಗೆದುಕೊಂಡು ಮುಂದಿನ ಲಸಿಕಾ ದಿನದಂದು ಬನ್ನಿರಿ. ತಡವಾದರೂ ಹಾಕುತ್ತಾರೆ.