ನಾಣ್ಯವೂ ನಾಣ್ಯಸ್ಥರೂ

ಕನ್ನಡದಲ್ಲಿ ನಾಣ್ಯವೆಂಬ ಮಾತಿಗೆ ಎರಡು ಅರ್ಥಗಳುಂಟು. ಅಚ್ಚು ಬಿದ್ದ ಲೋಹದ ಬಿಲ್ಲೆ ಒಂದು. ಒಳ್ಳೆಯ ಗುಣ, ಪ್ರಾಮಾಣಿಕತೆ ಎಂಬುದು ಇನ್ನೊಂದು. ‘ಸರಕು ನಾಣ್ಯವಾಗಿದೆ’, ‘ಆತ ನಾಣ್ಯಸ್ಥ’ ಎಂದು ಪೇಟೆಯ ಹಿರಿಯರು ಆಡುತ್ತಿದ್ದುದನ್ನು ಕೇಳಿದವರು ಇನ್ನೂ ಇದ್ದಾರೆ. ಬಿಲ್ಲೆಯ ಹೆಸರು ಮನುಷ್ಯನ ಗುಣಕ್ಕೆ ಅಂಟಿದುದು ಹೇಗೆಂಬುದನ್ನು ಭಾಷಾಶಾಸ್ತ್ರಜ್ಞರು ವಿವರಿಸಲಿ. ಹಳೆಯ ನಾಣ್ಯಗಳನ್ನು ಕೂಡಿಡುವ ಹವ್ಯಾಸಕ್ಕೆ ಬಿದ್ದವನಿಗಂತೂ ಈ ಎರಡು ಅರ್ಥಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದು ಸಾಧ್ಯವಿಲ್ಲ. ಅವನು ಕೊಳ್ಳುವುದು ಬಿಲ್ಲೆಯನ್ನು; ನಂಬುವುದು ಅದನ್ನು ಮಾರುವವನನ್ನು.

ನಾಣ್ಯವು ಚಲಾವಣೆಯಲ್ಲಿದ್ದ ಕಾಲದಲ್ಲಿ ಈ ನಂಬಿಕೆಯ ಭಾರವನ್ನು ರಾಜ್ಯವೇ ಹೊರುತ್ತಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರೂಪದರ್ಶಕನೆಂಬ ಅಧಿಕಾರಿಯಿದ್ದಾನೆ; ನಾಣ್ಯಗಳ ಸಾಚಾತನವನ್ನು ಪರೀಕ್ಷಿಸುವುದೇ ಅವನ ಉದ್ಯೋಗ. ಕ್ರಿ. ಪೂ. ೩೭೫ರ ಸುಮಾರಿನಲ್ಲಿ ಅಥೆನ್ಸ್ ನಗರವು ಹೊರಡಿಸಿದ ಕಟ್ಟಳೆಯೊಂದರ ಶಿಲಾಶಾಸನವು ೧೯೭೦ರಲ್ಲಿ ಅಲ್ಲಿಯ ಪ್ರಾಚೀನ ಪೇಟೆಯ ಉತ್ಖನನದಲ್ಲಿ ದೊರೆಯಿತು. ಲೇವಾದೇವಿಯವರ ಮೇಜುಗಳ ನಡುವೆ ಪರೀಕ್ಷಕನೊಬ್ಬನು ಕುಳಿತಿರಬೇಕು. ಅವನು ಸರಕಾರದ ಗುಲಾಮ. ತಾಮ್ರದ ಅಥವಾ ಸೀಸದ ಒಡಲಿಗೆ ಬೆಳ್ಳಿ ಹೊದಿಸಿದ ನಾಣ್ಯ ಕೈಗೆ ಬಂದೊಡನೆ ಅದನ್ನು ಕತ್ತರಿಸಿ ದೇವಮಾತೆಯ ಗುಡಿಗೆ ಒಪ್ಪಿಸಬೇಕು. ಕೆಲಸಕ್ಕೆ ತಪ್ಪಿದರೆ ಐವತ್ತು ಛಡಿಯೇಟು. ಇಂದಿನ ನಾಣ್ಯಸಂಗ್ರಾಹಕನಿಗೆ ಅಂತಹ ಸೇವಕನಿಲ್ಲ. ಅವನು ಕೊಳ್ಳುವ ನಾಣ್ಯವು ಯಾವ ಪೇಟೆಯಲ್ಲಿಯೂ ಓಡದು. ಅದು ಖೋಟಾ ಆದರೆ ನಷ್ಟವಾಗುವುದು ಅವನೊಬ್ಬನಿಗೆ, ಸ್ವಲ್ಪ ಮಟ್ಟಿಗೆ ಇತಿಹಾಸಕ್ಕೆ.

ನಮ್ಮ ನೆರೆಯ ಪುದುಕ್ಕೋಟೆ ಸೀಮೆಯಲ್ಲಿ ೧೮೯೮ರಲ್ಲಿ ೫೦೧ ರೋಮನ್ ಚಿನ್ನದ ನಾಣ್ಯಗಳ ನಿಧಿ ಸಿಕ್ಕಿತು. ಅವುಗಳಲ್ಲಿ ಬಹುಪಾಲಿನ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯ ಗಾಯವಿದೆ. ಆ ನಿಧಿಯನ್ನು ಪರಿಶೀಲಿಸಿ ಬರೆದವರು ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಫ್ರಾನ್ಸಿಸ್ ಹಿಲ್. ಅಸಲು ನಾಣ್ಯದ ಮೈಮೇಲಿನ ಗಾಯಗಳನ್ನು ಎಣಿಸಿದ ಇದೇ ವಿದ್ವಾಂಸರು ಕಾಲು ಶತಮಾನದ ಬಳಿಕ, ಗಾಯವೇ ಇಲ್ಲದ, ಕಣ್ಣು ಕುಕ್ಕುವಷ್ಟು ಸುಂದರವಾದ ನಕಲಿ ನಾಣ್ಯಗಳ ವಿಷಯವಾಗಿ ಎರಡು ಸಂಪುಟಗಳನ್ನು ಬರೆದರು. ಅವುಗಳ ನಾಯಕ ಕಾರ್ಲ್ ವಿಲ್ಹೆಲ್ಮ್ ಬೆಕರ್.

ಬೆಕರನು ೧೭೭೨ರಲ್ಲಿ ಜರ್ಮನಿಯ ಷ್ಪೈಯರ್ ಪಟ್ಟಣದಲ್ಲಿ ಹುಟ್ಟಿದವನು. ದ್ರಾಕ್ಷಾರಸದ ವರ್ತಕನ ಮಗ. ತಾನೂ ಆ ವ್ಯಾಪಾರ ಮಾಡಿದ, ಬಟ್ಟೆಯ ವ್ಯಾಪಾರ ಮಾಡಿದ. ಕಡೆಗೆ ಹಳೆಯ ನಾಣ್ಯಗಳ ವ್ಯಾಪಾರಕ್ಕೆ ಇಳಿದ. ಅವನು ದಾರಿ ತಪ್ಪಿದುದಕ್ಕೆ ಒಂದು ಕಥೆ ಪ್ರಚಾರದಲ್ಲಿದೆ. ದೊಡ್ಡ ಮನೆತನದ ಸಂಗ್ರಾಹಕನೊಬ್ಬನು ಎಳೆಯ ಬೆಕರನಿಗೆ ಖೋಟಾ ಚಿನ್ನದ ನಾಣ್ಯವೊಂದನ್ನು ಮಾರಿದನಂತೆ. ಬೆಕರನು ಹೋಗಿ ಕೇಳಿದಾಗ, ತಿಳಿಯದ ವಿಷಯಕ್ಕೆ ಕೈಹಾಕಿದವನಿಗೆ ಹೀಗೇ ಆಗಬೇಕು ಎಂದನಂತೆ. ಬೆಕರನು ಅಂದಿನಿಂದ ಅಚ್ಚು ಕೆತ್ತುವುದನ್ನು ಕಲಿತು, ತನ್ನ ಕೈಕೆಲಸವನ್ನು ಮೊದಲು ಆ ಮಹಾಶಯನಿಗೇ ಮಾರಿದನೆಂದು ಕಥೆ ಮುಗಿಯುತ್ತದೆ. ಕಥೆ ಸೊಗಸಾಗಿದೆ, ಸೊಗಸಾಗಿರುವುದರಿಂದಲೇ ಸಂಶಯಕ್ಕೂ ಎಡೆಯಿದೆ. ಮೋಸ ಹೋದವನು ಮೋಸಗಾರನಾದ ಎಂಬ ಕಥೆಯಿಂದ ಮೋಸಗಾರನಿಗೇ ಹೆಚ್ಚು ಲಾಭ.

ಬೆಕರನ ಕೆಲಸದ ಬಗೆಯನ್ನು ಕೇಳಿದರೆ ಕೋಪಕ್ಕಿಂತ ಮೊದಲು ಬೆರಗೇ ಹುಟ್ಟುತ್ತದೆ. ಅವನು ಎರಕ ಹೊಯ್ಯುವ ಸುಲಭ ಮಾರ್ಗವನ್ನು ಹಿಡಿಯಲಿಲ್ಲ. ಉಕ್ಕಿನ ಅಚ್ಚುಗಳನ್ನು ಕೈಯಿಂದ ಕೆತ್ತಿದ. ಸವೆದುಹೋದ, ಅಗ್ಗದ, ಆದರೆ ನಿಜವಾಗಿಯೂ ಪ್ರಾಚೀನವಾದ ನಾಣ್ಯಗಳನ್ನು ತಂದು ಅವುಗಳ ಮೇಲೆಯೇ ತನ್ನ ಅಚ್ಚನ್ನು ಒತ್ತಿದ. ಹೀಗಾಗಿ ಲೋಹವನ್ನು ಪರೀಕ್ಷಿಸಿದರೆ ಅದು ಪ್ರಾಚೀನವೇ. ಹೊಸ ಹೊಳಪನ್ನು ಕಳೆಯಲು ಕಬ್ಬಿಣದ ಅರಪುಡಿ ತುಂಬಿದ ಪೆಟ್ಟಿಗೆಯಲ್ಲಿ ನಾಣ್ಯಗಳನ್ನು ಇಟ್ಟು, ಪೆಟ್ಟಿಗೆಯನ್ನು ತನ್ನ ಗಾಡಿಯ ಅಡಿಗೆ ಕಟ್ಟಿ, ರಸ್ತೆಯ ಮೇಲೆ ಓಡಿಸುತ್ತಿದ್ದನೆಂದು ಹೇಳುತ್ತಾರೆ. ‘ನನ್ನ ಮುದುಕರನ್ನು ಗಾಳಿಸವಾರಿಗೆ ಕರೆದೊಯ್ಯುತ್ತೇನೆ’ ಎಂಬುದು ಅವನ ವಿನೋದವಂತೆ. ಗ್ರೀಕರಿಂದ ರೋಮನರವರೆಗೆ, ಅಲ್ಲಿಂದ ಮಧ್ಯಯುಗದ ದೊರೆಗಳವರೆಗೆ ಮುನ್ನೂರಕ್ಕೂ ಹೆಚ್ಚು ಬಗೆಯ ನಾಣ್ಯಗಳು ಅವನ ಮನೆಯಲ್ಲಿ ಹುಟ್ಟಿದವು.

ಆದರೂ ಕೈಚಳಕವೊಂದರಿಂದಲೇ ಅವು ಮಾರಾಟವಾದವೆಂದು ತಿಳಿಯಬಾರದು. ಬೆಕರನು ಇಸೆನ್‌ಬುರ್ಗ್ ದೊರೆಯ ಕೃಪೆಗೆ ಪಾತ್ರನಾಗಿ ಆಸ್ಥಾನದ ಸಲಹೆಗಾರನೆಂಬ ಬಿರುದನ್ನು ಪಡೆದಿದ್ದವನು, ವಿದ್ಯಾವಂತ, ತಾನೇ ಸಂಗ್ರಾಹಕ. ಮಹಾಕವಿ ಗಯಟೆಯೇ ಆಫೆನ್‌ಬಾಖಿನಲ್ಲಿದ್ದ ಅವನ ಸಂಗ್ರಹವನ್ನು ಹೊಗಳಿ ೧೮೧೬ರಲ್ಲಿ ಬರೆದ. ಪದಕ ಕೆತ್ತುವ ಕಲೆಯಲ್ಲಿ ಗಣ್ಯನೆಂದು ಬೇರೆ ಮೆಚ್ಚಿಕೊಂಡ. ಕವಿಯ ಮೆಚ್ಚುಗೆಯಲ್ಲಿ ಎಷ್ಟು ಸತ್ಯವಿತ್ತೆಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಕೊಳ್ಳುವವರು ಪರೀಕ್ಷಿಸಿದುದು ನಾಣ್ಯವನ್ನಲ್ಲ, ಬಿರುದನ್ನು. ಫ್ಲಾರೆನ್ಸಿನಲ್ಲಿ ಡೊಮೆನಿಕೊ ಸೆಸ್ಟಿನಿ ಎಂಬ ವಿದ್ವಾಂಸನು ೧೮೨೬ರಲ್ಲಿ ಪುಸ್ತಕವೊಂದನ್ನು ಅಚ್ಚು ಹಾಕಿಸಿ ಆಧುನಿಕ ಖೋಟಾಗಾರರನ್ನು ಬಯಲಿಗೆಳೆದ. ಅಸಲನ್ನು ಕೊಳ್ಳಲಾರದ ಬಡ ಸಂಗ್ರಾಹಕರಿಗಾಗಿ ಪ್ರತಿಗಳನ್ನು ಮಾಡಿದೆನೆಂಬುದು ಬೆಕರನ ಸಮರ್ಥನೆ. ಅವನು ೧೮೩೦ರಲ್ಲಿ ತೀರಿಕೊಂಡ. ಅವನ ಅಚ್ಚುಗಳು ಈಗ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿವೆ. ಬೆಕರನ ಖೋಟಾ ನಾಣ್ಯಗಳಿಗೆ ಇಂದು ಬೇರೆಯೇ ಗಿರಾಕಿಗಳಿದ್ದಾರೆ. ಅವರು ಹಿಲ್ಲರ ಪುಸ್ತಕದ ಚಿತ್ರಫಲಕಗಳೊಡನೆ ಹೋಲಿಸಿ, ಇದು ಅಸಲು ಬೆಕರನದೇ ಎಂದು ಖಾತ್ರಿ ಮಾಡಿಕೊಂಡು ಹಣ ಕೊಡುತ್ತಾರೆ!

ಎರಡು ನೂರು ವರ್ಷಗಳ ಹಿಂದೆ ಸೂಕ್ಷ್ಮದರ್ಶಕಗಳು ಈಗಿನಂತಿರಲಿಲ್ಲ, ಆದಕಾರಣ ಮೋಸ ನಡೆಯಿತು ಎನ್ನುವವರಿಗೆ ನ್ಯೂಯಾರ್ಕಿನ ಪ್ರಸಂಗವೊಂದನ್ನು ಹೇಳಬೇಕು. ೨೦೧೨ರ ಜನವರಿಯಲ್ಲಿ ಅಲ್ಲಿಯ ಹೋಟೆಲೊಂದರಲ್ಲಿ ನಾಣ್ಯಗಳ ಮೇಳ ನಡೆದಿತ್ತು. ಹೆಸರಾಂತ ಸಂಗ್ರಾಹಕನೂ ವ್ಯಾಪಾರಿಯೂ ಆಗಿದ್ದ ಶಸ್ತ್ರವೈದ್ಯನೊಬ್ಬನನ್ನು ಪೊಲೀಸರು ಹಿಡಿದರು. ಸಿಸಿಲಿ ದ್ವೀಪದ ನೆಲದಿಂದ ಈಚೆಗೆ ಕಳ್ಳತನದಲ್ಲಿ ಅಗೆದು ತೆಗೆದವೆಂದು ತಾನೇ ನಂಬಿದ್ದ ಪ್ರಾಚೀನ ಗ್ರೀಕ್ ನಾಣ್ಯಗಳು ಅವನಲ್ಲಿದ್ದವು; ಒಂದರ ಬೆಲೆಯೇ ಲಕ್ಷಗಟ್ಟಲೆ ಡಾಲರು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದಾಗ ಅವು ಖೋಟಾ ಎಂದು ತಿಳಿಯಿತು. ಕದ್ದ ಮಾಲೆಂದು ಬಚ್ಚಿಟ್ಟುಕೊಂಡಿದ್ದುದು ಕದ್ದದ್ದೂ ಅಲ್ಲ, ಹಳೆಯದೂ ಅಲ್ಲ! ಆತನು ತಪ್ಪೊಪ್ಪಿಕೊಂಡ. ಎಪ್ಪತ್ತು ಗಂಟೆಗಳ ಸಮಾಜಸೇವೆಯೊಂದಿಗೆ, ಮೂಲ ತಿಳಿಯದ ನಾಣ್ಯಗಳ ವ್ಯವಹಾರದ ಕೇಡನ್ನು ಕುರಿತು ಲೇಖನ ಬರೆಯಬೇಕೆಂಬುದೂ ಶಿಕ್ಷೆಯ ಒಂದು ಭಾಗವಾಯಿತು.

ಈ ಪ್ರಸಂಗದಲ್ಲಿ ಗಮನಿಸಬೇಕಾದುದು ಗುಟ್ಟು. ಎಲ್ಲಿಂದ ಬಂತೆಂದು ಬಾಯಿಬಿಟ್ಟು ಕೇಳಲಾಗದ ನಾಣ್ಯವನ್ನು ನಾಲ್ಕು ಜನ ಬಲ್ಲವರಿಗೆ ತೋರಿಸುವಂತೆಯೂ ಇಲ್ಲ. ಖೋಟಾಗಾರನಿಗೆ ಬೇಕಾದುದು ಈ ಕತ್ತಲೆಯೇ. ನಮ್ಮ ಊರುಗಳಲ್ಲಿಯೂ ಕೇಳಿಬರುವ ಮಾತು ಇದೇ: ‘ಹೊಲ ಉಳುವಾಗ ಗಡಿಗೆ ಸಿಕ್ಕಿತು, ಸ್ವಾಮಿ, ಯಾರಿಗೂ ಹೇಳಬೇಡಿ.’ ಸಿಕ್ಕಿದ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು ಭಾರತದಲ್ಲಿ ೧೮೭೮ರಿಂದ ಇದೆ; ನೂರು ವರ್ಷ ಮೀರಿದ ನಾಣ್ಯಗಳ ವ್ಯಾಪಾರಕ್ಕೆ ೧೯೭೨ರ ಕಾಯಿದೆಯಂತೆ ಪರವಾನಗಿ ಬೇಕು. ಆ ಗಡಿಗೆಯ ಕಥೆ ನಿಜವಾದರೆ ಕೊಂಡವನು ಕಾನೂನಿಗೆ ಸಿಕ್ಕಿಬೀಳುತ್ತಾನೆ. ಸುಳ್ಳಾದರೆ ಹಿತ್ತಾಳೆಯನ್ನು ಮನೆಗೆ ತರುತ್ತಾನೆ.

ನಮ್ಮಲ್ಲಿ ಬೆಕರನ ಜಾಣ್ಮೆಯೂ ಬೇಕಾಗಿಲ್ಲವೆಂಬುದು ನಾಚಿಕೆಯ ಸಂಗತಿ. ಒಂದು ಬದಿಯಲ್ಲಿ ಹನುಮಂತನೋ ರಾಮಪಟ್ಟಾಭಿಷೇಕವೋ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಅರ್ಧ ಆಣೆ, ೧೬೧೬ ಅಥವಾ ೧೮೧೮ ಎಂಬ ವರ್ಷ—ಇಂತಹ ಬಿಲ್ಲೆಗಳನ್ನು ಜಾತ್ರೆಗಳಲ್ಲಿ ನೋಡದವರು ಕಡಮೆ. ಕಂಪನಿಯ ಟಂಕಸಾಲೆ ಇಂತಹ ನಾಣ್ಯವನ್ನು ಎಂದೂ ಹೊಡೆದಿಲ್ಲ. ಭಕ್ತಿಗಾಗಿ ಪೂಜೆಯ ಕೋಣೆಯಲ್ಲಿಡುವುದಾದರೆ ಅಡ್ಡಿಯಿಲ್ಲ. ಇದಕ್ಕೆ ದೈವಶಕ್ತಿಯಿದೆ, ಲಕ್ಷ ಬಾಳುತ್ತದೆ ಎಂದು ಮಾರುವವನ ಮಾತು ಬೇರೆ. ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು, ೧೯೩೮ರ ಬೆಳ್ಳಿ ರೂಪಾಯಿಯ ಕೊನೆಯ ಎಂಟನ್ನು ಕೆತ್ತಿ ಒಂಬತ್ತು ಮಾಡುವ ವಿದ್ಯೆ. ೧೯೩೯ರ ರೂಪಾಯಿ ಬಹು ವಿರಳವಾದುದರಿಂದ ಈ ಒಂದು ಅಂಕೆಗೆ ಅಷ್ಟು ಬೆಲೆ.

ಕಣ್ಣಿಗೂ ತಕ್ಕಡಿಗೂ ಕಾಣುವ ಗುರುತುಗಳಿವೆ. ಎರಕದ ನಾಣ್ಯದ ಮೈಮೇಲೆ ಗಾಳಿಗುಳ್ಳೆಯ ಸಣ್ಣ ಗುಳಿಗಳಿರುತ್ತವೆ, ಅಂಚಿನಲ್ಲಿ ಕೂಡುಗೆರೆಯನ್ನು ಅರದಿಂದ ತೀಡಿದ ಗೀರಿರುತ್ತದೆ. ವಿಜಯನಗರದ ವರಾಹ ಸುಮಾರು ೩.೪ ಗ್ರಾಂ ತೂಗಬೇಕು. ಕೈಯಿಂದ ಹೊಡೆದ ಎರಡು ನಾಣ್ಯಗಳು ಒಂದೇ ಅಚ್ಚಿನವಾಗಬಹುದು. ಆದರೆ ಅಂಚಿನ ಆಕಾರವೂ ಒಂದೇ, ಸವೆತವೂ ಒಂದೇ, ಗೀರೂ ಅದೇ ಜಾಗದಲ್ಲಿದ್ದರೆ ಅವೆರಡಕ್ಕೂ ತಾಯಿ ಒಂದೇ ಎಂದು ತಿಳಿಯಬೇಕು. ಇವೆಲ್ಲ ಸಾಧಾರಣ ಮೋಸಕ್ಕೆ ಮದ್ದು. ಬೆಕರನಂತಹವನ ಎದುರು ಸಾಲವು. ಅಲ್ಲಿ ಉಳಿಯುವುದು ನಾಣ್ಯಸ್ಥನಾದ ವ್ಯಾಪಾರಿಯೇ. ಅವನನ್ನು ಬಿರುದಿನಿಂದಲೋ ಅಂಗಡಿಯ ಗಾಜಿನ ಬೀರುವಿನಿಂದಲೋ ಗುರುತಿಸಲಾಗದು. ನಾಣ್ಯವು ಯಾರ ಸಂಗ್ರಹದಿಂದ, ಯಾವ ಹರಾಜಿನಿಂದ ಬಂತೆಂದು ಅವನು ಹೇಳುತ್ತಾನೆ; ಬಿಲ್ಲಿನಲ್ಲಿ ಅದರ ವಿವರ, ತೂಕಗಳನ್ನು ಬರೆಯುತ್ತಾನೆ; ಖೋಟಾ ಎಂದು ಎಂದು ತಿಳಿದರೂ ಹಿಂದಕ್ಕೆ ಪಡೆಯುತ್ತೇನೆಂದು ಸಹಿ ಹಾಕುತ್ತಾನೆ; ಬೇರೊಬ್ಬರಿಗೆ ತೋರಿಸಿ ಬರುತ್ತೇನೆಂದರೆ ಮುಖ ಸಿಂಡರಿಸುವುದಿಲ್ಲ. ಇಷ್ಟಕ್ಕೆ ಒಪ್ಪದವನ ಅಂಗಡಿಯಲ್ಲಿ ಎಂತಹ ಚೆಲುವಾದ ವರಾಹವಿದ್ದರೂ ನೋಡಿ ಸಂತೋಷಪಟ್ಟು ಎದ್ದು ಬರಬಹುದು.

ಹೊಸದಾಗಿ ಈ ಹವ್ಯಾಸಕ್ಕೆ ಬರುವ ವಿದ್ಯಾರ್ಥಿಗಳು ಚಿನ್ನದ ಗೋಜಿಗೆ ಹೋಗದೆ ಟಿಪ್ಪುವಿನ ತಾಮ್ರದ ಕಾಸಿನಿಂದ ಮೊದಲುಮಾಡುವುದು ಲೇಸು. ಅಸಲೇ ಬೇಕಾದಷ್ಟು ಸಿಗುತ್ತದೆ. ಒಂದು ಬದಿಯಲ್ಲಿ ಆನೆ. ಎಡಕ್ಕೆ ನಡೆಯುವುದೂ ಉಂಟು, ಬಲಕ್ಕೆ ನಡೆಯುವುದೂ ಉಂಟು. ಇನ್ನೊಂದು ಬದಿಯಲ್ಲಿ ಪಾರಸಿ ಲಿಪಿಯಲ್ಲಿ ಟಂಕಸಾಲೆಯ ಹೆಸರು: ಪಟ್ಟಣವೆಂದರೆ ಶ್ರೀರಂಗಪಟ್ಟಣ, ನಗರವೆಂದರೆ ಬಿದನೂರು. ಹತ್ತಿಪ್ಪತ್ತು ಕಾಸುಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡುವಷ್ಟರಲ್ಲಿ, ಕೈಯಿಂದ ಹೊಡೆದ ಅಚ್ಚಿನ ಏರುಪೇರು ಹೇಗಿರುತ್ತದೆಂಬುದು ಬೆರಳಿಗೇ ಗೊತ್ತಾಗತೊಡಗುತ್ತದೆ.