ಹೊಗೆಯನ್ನು ಬಿಡದ ಪಾನಗೃಹ

ಜರ್ಮನಿಯ ಬವೇರಿಯಾ ಪ್ರಾಂತದ ಉತ್ತರ ಭಾಗದಲ್ಲಿ, ರೆಗ್ನಿಟ್ಸ್ ನದಿಯ ದಡದಲ್ಲಿ, ಬಾಂಬೆರ್ಗ್ ಎಂಬ ಪುರಾತನ ಪಟ್ಟಣವಿದೆ. ನದಿಯ ನಡುವೆ ನಿಂತಿರುವ ಹಳೆಯ ಪುರಭವನವನ್ನು ದಾಟಿ, ಪ್ರಧಾನ ಇಗರ್ಜಿಯ ಗುಡ್ಡದ ಬುಡದತ್ತ ನಡೆದರೆ, ಇಕ್ಕಟ್ಟಾದ ಬೀದಿಯೊಂದರಲ್ಲಿ ಮರದ ಚೌಕಟ್ಟಿನ ಹಳೆಯ ಮನೆಯೊಂದು ಎದುರಾಗುತ್ತದೆ. ಇದೇ ಶ್ಲೆಂಕೆರ್ಲಾ ಪಾನಗೃಹ. 1405ರಷ್ಟು ಹಿಂದಿನ ದಾಖಲೆಯಲ್ಲಿಯೇ ಇದರ ಉಲ್ಲೇಖವುಂಟು. ಹಿಂದಿನ ಯಜಮಾನರಲ್ಲೊಬ್ಬನು ಕೈಗಳನ್ನು ತೂಗಾಡಿಸಿಕೊಂಡು ನಡೆಯುತ್ತಿದ್ದನಂತೆ; ಅದನ್ನು ಕಂಡು ಊರವರು ಇಟ್ಟ ಅಡ್ಡಹೆಸರೇ ಮನೆಗೂ ಅಂಟಿಕೊಂಡಿತು.

ಒಳಗೆ ಕಾಲಿಟ್ಟರೆ ತಗ್ಗಾದ ಮಾಡು, ಕಪ್ಪಾದ ತೊಲೆಗಳು, ಉದ್ದನೆಯ ಮೇಜುಗಳು. ಅಪರಿಚಿತರ ಪಕ್ಕದಲ್ಲಿಯೇ ಜಾಗ ಮಾಡಿಕೊಂಡು ಕುಳಿತುಕೊಳ್ಳುವುದು ಇಲ್ಲಿಯ ರೂಢಿ. ಮರದ ಪೀಪಾಯಿಯಿಂದ ತನ್ನ ಭಾರದಿಂದಲೇ ಇಳಿದು ಬರುವ ಕಡುಕಂದು ಬಿಯರನ್ನು ಲೋಟದಲ್ಲಿ ತಂದಿಡುತ್ತಾರೆ. ಮೂಗಿನ ಬಳಿಗೆ ಒಯ್ದೊಡನೆ ಹೊಸಬರು ಬೆಚ್ಚುವುದುಂಟು. ಯುರೋಪಿನವರಿಗೆ ಅದು ಹೊಗೆಯಲ್ಲಿ ಒಣಗಿಸಿದ ಮಾಂಸದ ವಾಸನೆ. ನಮ್ಮವರಿಗಾದರೆ ಮಳೆಗಾಲದಲ್ಲಿ ಸೌದೆಯೊಲೆ ಉರಿಯುವ ಅಡುಗೆಮನೆಯ ಅಟ್ಟ ನೆನಪಾದೀತು. ಮದ್ಯದ ಗುಣಗಾನ ಮಾಡುವುದು ಈ ಲೇಖಕನ ಉದ್ದೇಶವಲ್ಲ. ನೂರಕ್ಕೆ 5ರಷ್ಟು ಮದ್ಯಸಾರವುಳ್ಳ ಈ ಪಾನೀಯವು ದೇಹಕ್ಕೆ ಮಾಡುವುದು ಉಳಿದ ಮದ್ಯಗಳು ಮಾಡುವುದನ್ನೇ. ಆದರೆ ಹೊಗೆಯು ಬಿಯರಿನೊಳಕ್ಕೆ ಬಂದುದು ಹೇಗೆ ಎಂಬುದು ವಿಚಾರ ಮಾಡತಕ್ಕ ವಿಷಯ.

ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಉಣಿಸುವ ಪದಾರ್ಥ. ಬಿಯರಿನ ಮೂಲವೂ ಇಂಥದೇ ಕೆಲಸ. ಧಾನ್ಯ ಮಾತ್ರ ಬಾರ್ಲಿ. ನೆನೆದ ಕಾಳು ಮೊಳೆಯತೊಡಗಿದಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವಗಳು ಹೆಚ್ಚುತ್ತವೆ. ಎಳೆಯ ಸಸಿಗೆ ಆಹಾರವಾಗಲೆಂದು ಕಾಳಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದು ಅವುಗಳ ಕಾರ್ಯ. ಮೊಳಕೆಯನ್ನು ಹಾಗೆಯೇ ಬೆಳೆಯಬಿಟ್ಟರೆ ಕೂಡಿಟ್ಟ ಪಿಷ್ಟವೆಲ್ಲ ಸಸಿಯ ಪಾಲಾದೀತು. ಆದುದರಿಂದ ಹದವಾದ ವೇಳೆಗೆ ಕಾಳನ್ನು ಒಣಗಿಸಿ, ಕಿಣ್ವ ನಾಶವಾಗದಂತೆ ಬೆಳವಣಿಗೆಯನ್ನು ಮಾತ್ರ ನಿಲ್ಲಿಸಬೇಕು. ಹೀಗೆ ಒಣಗಿದುದೇ ಮಾಲ್ಟ್. ಮುಂದೆ ಇದನ್ನು ಒಡೆದು ಸುಮಾರು 65 ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ ಕಲಸಿದಾಗ ಕಿಣ್ವಗಳು ಮತ್ತೆ ಎಚ್ಚತ್ತು ಪಿಷ್ಟವನ್ನು ಸಿಹಿರಸವಾಗಿಸುತ್ತವೆ. ಯೀಸ್ಟ್ ಅದನ್ನು ಹುದುಗಿಸುತ್ತದೆ.

ಹೊಗೆ ಸೇರುವುದು ಒಣಗಿಸುವ ಘಟ್ಟದಲ್ಲಿ. ಶ್ಲೆಂಕೆರ್ಲಾದವರು ತಮ್ಮ ಮಾಲ್ಟನ್ನು ತಾವೇ ತಯಾರಿಸುತ್ತಾರೆ. ಒದ್ದೆ ಕಾಳಿನ ಕೆಳಗೆ ಬೀಚ್ ಮರದ ಸೌದೆ ಉರಿಯುತ್ತದೆ. ಬಿಸಿಗಾಳಿಯೊಡನೆ ಹೊಗೆಯೂ ಕಾಳಿನ ನಡುವೆ ಹಾದು ಮೇಲೇರುತ್ತದೆ. ಮರಕ್ಕೆ ಗಡಸುತನವನ್ನು ಕೊಡುವ ಲಿಗ್ನಿನ್ ಎಂಬ ವಸ್ತು ಶಾಖದಿಂದ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಮೊದಲಾದ ಫೀನಾಲ್ ವರ್ಗದ ಸಂಯುಕ್ತಗಳು ಹುಟ್ಟುತ್ತವೆ. ಅವು ಕಾಳಿನ ತೇವದಲ್ಲಿ ಕರಗಿ ಸಿಪ್ಪೆಗೆ ಅಂಟಿಕೊಳ್ಳುತ್ತವೆ. ಅಂಟುವುದು ಅತ್ಯಲ್ಪವೇ, ಆದರೆ ನೂರು ಕೋಟಿ ಪಾಲು ನೀರಿನಲ್ಲಿ ಕೆಲವೇ ಪಾಲು ಗ್ವಾಯಕಾಲ್ ಇದ್ದರೂ ಮನುಷ್ಯನ ಮೂಗು ಅದನ್ನು ಪತ್ತೆಹಚ್ಚಬಲ್ಲುದು.

ಈಗ ವಿಚಿತ್ರವೆನಿಸುವ ಈ ವಾಸನೆ ಒಂದು ಕಾಲಕ್ಕೆ ಸರ್ವೇಸಾಮಾನ್ಯವಾಗಿತ್ತು. ಬಿಸಿಲು ಗಾಳಿಗಳಿಗೆ ಒಡ್ಡಿ ಒಣಗಿಸಲಾಗದ ತಂಪು ದೇಶಗಳಲ್ಲಿ ಸೌದೆಯ ಬೆಂಕಿಯೇ ಗತಿ. ಮಾಲ್ಟಿಗೆ ಹೊಗೆ ಹಿಡಿಯುವುದನ್ನು ತಪ್ಪಿಸುವುದು ಕಷ್ಟವಾಗಿತ್ತು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನವರು ಹೊಗೆಯಿಲ್ಲದ ಕೋಕ್ ಇದ್ದಿಲನ್ನು ಉರಿಸಿ ನೋಡಿದರು. ಹತ್ತೊಂಬತ್ತನೆಯ ಶತಮಾನದಲ್ಲಿ, ಹೊಗೆಯನ್ನು ಬೇರೆ ಕೊಳವೆಯಲ್ಲಿ ಹೊರಗೆ ಸಾಗಿಸಿ ಶುದ್ಧವಾದ ಬಿಸಿಗಾಳಿಯನ್ನು ಮಾತ್ರ ಕಾಳಿಗೆ ಊದುವ ಗೂಡುಗಳು ಹಬ್ಬಿದವು. ಕುಡಿಯುವವರೂ ತಿಳಿಯಾದ ರುಚಿಗೆ ಒಗ್ಗಿದರು. ಬಾಂಬೆರ್ಗಿನಲ್ಲಿ ತಮ್ಮ ಮಾಲ್ಟನ್ನು ತಾವೇ ಹೊಗೆಯಲ್ಲಿ ಒಣಗಿಸುವ ಪದ್ಧತಿಯನ್ನು ಉಳಿಸಿಕೊಂಡ ಮನೆಗಳು ಎರಡೇ: ಒಂದು ಶ್ಲೆಂಕೆರ್ಲಾ, ಇನ್ನೊಂದು ಶ್ಪೆಟ್ಸಿಯಾಲ್.

ಹೊಸ ಗೂಡುಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಉರಿಯ ಅನಿಲಗಳು ನೇರವಾಗಿ ತಾಗಿದ ಮಾಲ್ಟಿನಲ್ಲಿ ನೈಟ್ರೋಸಮೀನ್ ಎಂಬ ವಸ್ತು ಉಂಟಾಗಿ, ಅದು ಬಿಯರಿಗೂ ಇಳಿಯುವುದೆಂದು 1979ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿಕೊಟ್ಟರು. ಪ್ರಾಣಿಗಳಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುವದು. ಆ ಬಳಿಕ ಕಾರ್ಖಾನೆಗಳು ಬೆಂಕಿಯನ್ನು ಕಾಳಿನಿಂದ ಇನ್ನಷ್ಟು ದೂರವಿಟ್ಟವು. ಉರಿಯ ಬಿಸಿ ಮಿತಿಮೀರಿದಷ್ಟೂ ಈ ವಸ್ತುವಿಗೆ ಕಾರಣವಾಗುವ ನೈಟ್ರೋಜನ್ ಆಕ್ಸೈಡುಗಳು ಹೆಚ್ಚುವುದರಿಂದ, ಹಳೆಯ ರೀತಿಯ ಗೂಡಿನವನಿಗೆ ಬೆಂಕಿಯ ಹದ ಬರಿಯ ರುಚಿಯ ಪ್ರಶ್ನೆಯಲ್ಲ.

ಮೊದಲ ಲೋಟ ಹಿಡಿಸದಿದ್ದರೂ ಮೂರನೆಯದು ಹಿಡಿಸೀತೆಂದು ಇಲ್ಲಿಯವರು ಹೇಳುತ್ತಾರೆ. ಇದು ವ್ಯಾಪಾರದ ಮಾತೆಂದು ನಕ್ಕುಬಿಡುವ ಹಾಗಿಲ್ಲ. ಒಂದೇ ವಾಸನೆಗೆ ಎಡೆಬಿಡದೆ ಒಡ್ಡಿಕೊಂಡ ಘ್ರಾಣೇಂದ್ರಿಯವು ಅದನ್ನು ವರದಿ ಮಾಡುವುದನ್ನು ಕಡಿಮೆಮಾಡುತ್ತದೆ. ಹೊಗೆ ಹಿಂದೆ ಸರಿದಂತೆ, ಅದರ ಮರೆಯಲ್ಲಿದ್ದ ಮಾಲ್ಟಿನ ಸಿಹಿ, ಹಾಪ್ ಹೂವಿನ ಕಹಿ ಮುಂದೆ ಬರುತ್ತವೆ. ಮೂರು ಲೋಟದ ಮದ್ಯಸಾರವೂ ಈ ಮೆಚ್ಚಿಕೆಗೆ ತನ್ನ ಪಾಲನ್ನು ಸಲ್ಲಿಸುತ್ತದೆಂಬುದನ್ನು ಮರೆಯಬೇಕಾಗಿಲ್ಲ.

ಈ ಮನೆಯವರು ಹೊಗೆ ಮಾಲ್ಟನ್ನು ಸ್ವಲ್ಪವೂ ಬೆರೆಸದ, ತಿಳಿಹಳದಿಯ ಇನ್ನೊಂದು ಬಿಯರನ್ನೂ ತಯಾರಿಸುತ್ತಾರೆ. ಕುದಿಸುವುದು ಅದೇ ತಾಮ್ರದ ಹಂಡೆಗಳಲ್ಲಿ. ಹುದುಗಿಸುವುದು ಹೊಗೆ ಬಿಯರಿನಿಂದ ತೆಗೆದ ಅದೇ ಯೀಸ್ಟಿನಿಂದ. ಕುಡಿದು ನೋಡಿದರೆ ಅದರಲ್ಲಿಯೂ ಹೊಗೆಯ ಎಳೆಯೊಂದು ನಾಲಗೆಗೆ ಸಿಕ್ಕುತ್ತದೆ.