ಕಾಲೇಜಿನ ಹೊಸ್ತಿಲಲ್ಲಿ ಆಸ್ಪರ್ಗರ್ ವಿದ್ಯಾರ್ಥಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದು, ಸಿಇಟಿಯ ಗದ್ದಲ ಮುಗಿದು, ಬಯಸಿದ ಕಾಲೇಜಿನಲ್ಲಿ ಸೀಟು ದೊರೆತೊಡನೆ ತಂದೆತಾಯಿಗಳು ನೆಮ್ಮದಿಯ ಉಸಿರು ಬಿಡುತ್ತಾರೆ. ಆದರೆ ಕೆಲವು ಮನೆಗಳಲ್ಲಿ ನಿಜವಾದ ಕಷ್ಟ ಮೊದಲಾಗುವುದೇ ಅಲ್ಲಿಂದ. ಗಣಿತದಲ್ಲಿ ನೂರಕ್ಕೆ ನೂರು ಅಂಕ ಪಡೆದ ಮಗ ಎರಡನೆಯ ಸೆಮಿಸ್ಟರಿನ ಹೊತ್ತಿಗೆ ತರಗತಿಗೆ ಹೋಗುವುದನ್ನೇ ಬಿಟ್ಟಿರುತ್ತಾನೆ. ಹಾಜರಿ ಕೊರತೆಯ ಪತ್ರ ಮನೆಗೆ ಬರುತ್ತದೆ. ಕಾರಣ ಕೇಳಿದರೆ ಅವನಿಂದ ಹೇಳಲಾಗದು. ನೆಂಟರು ‘ಸೊಕ್ಕು’ ಎನ್ನುತ್ತಾರೆ, ಅಧ್ಯಾಪಕರು ‘ಆಸಕ್ತಿಯಿಲ್ಲ’ ಎನ್ನುತ್ತಾರೆ, ನೆರೆಯವರು ಮೊಬೈಲಿನ ಮೇಲೆ ತಪ್ಪು ಹೊರಿಸುತ್ತಾರೆ. ಹೀಗೆ ಓದು ಬಿಡುವ ಎಲ್ಲರಿಗೂ ಒಂದೇ ಕಾರಣವಿರುವುದಿಲ್ಲ. ಆದರೆ ಅವರಲ್ಲಿ ಕೆಲವರಿಗೆ ಇರುವುದು ಆಸ್ಪರ್ಗರ್ ಸಿಂಡ್ರೋಮ್ ಎಂಬ ಸ್ಥಿತಿ. ಅದನ್ನು ಗುರುತಿಸದೆ ಹೋದರೆ ಒಳ್ಳೆಯ ಬುದ್ಧಿಯುಳ್ಳ ಜೀವವೊಂದು ತಾನು ಕೆಟ್ಟವನು, ನಿಷ್ಪ್ರಯೋಜಕನು ಎಂದು ನಂಬಿಬಿಡುತ್ತದೆ.

ಏನಿದು ಆಸ್ಪರ್ಗರ್?

1944ರಲ್ಲಿ ವಿಯೆನ್ನಾ ನಗರದ ಮಕ್ಕಳ ವೈದ್ಯ ಹ್ಯಾನ್ಸ್ ಆಸ್ಪರ್ಗರ್ ಅವರು ಕೆಲವು ಬಾಲಕರನ್ನು ಕುರಿತು ಲೇಖನವೊಂದನ್ನು ಪ್ರಕಟಿಸಿದರು. ಆ ಬಾಲಕರಿಗೆ ಮಾತು ಬರುತ್ತಿತ್ತು, ಬುದ್ಧಿಯೂ ಚುರುಕಾಗಿತ್ತು. ಆದರೆ ಓರಗೆಯವರೊಡನೆ ಬೆರೆಯುವ ಬಗೆ ತಿಳಿಯುತ್ತಿರಲಿಲ್ಲ. ತಮಗೆ ಪ್ರಿಯವಾದ ಒಂದೇ ವಿಷಯದಲ್ಲಿ ಮುಳುಗಿರುತ್ತಿದ್ದರು. ಜರ್ಮನ್ ಭಾಷೆಯಲ್ಲಿದ್ದ ಆ ಲೇಖನ ಬಹುಕಾಲ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. 1981ರಲ್ಲಿ ಬ್ರಿಟನ್ನಿನ ಮನೋವೈದ್ಯೆ ಲೋರ್ನಾ ವಿಂಗ್ ಅವರ ಬರಹದಿಂದ ‘ಆಸ್ಪರ್ಗರ್ ಸಿಂಡ್ರೋಮ್’ ಎಂಬ ಹೆಸರು ಪ್ರಚಾರಕ್ಕೆ ಬಂದಿತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಈ ಪ್ರತ್ಯೇಕ ಹೆಸರನ್ನು ಕೈಬಿಟ್ಟು, ಇದನ್ನು ಸ್ವಲೀನತೆಯ, ಅಂದರೆ ಆಟಿಸಂನ, ವಿಶಾಲ ವ್ಯಾಪ್ತಿಯೊಳಗೆ ಸೇರಿಸಿತು. ಆದಕಾರಣ ಇಂದಿನ ವೈದ್ಯರು ಪ್ರಮಾಣಪತ್ರದಲ್ಲಿ ಸಾಮಾನ್ಯವಾಗಿ ‘ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್’ ಎಂದೇ ಬರೆಯುತ್ತಾರೆ.

ಇದು ಹುಟ್ಟಿನಿಂದ ಬರುವ ಮಿದುಳಿನ ಬೆಳವಣಿಗೆಯ ಒಂದು ಭಿನ್ನತೆ, ಜೀವನಪರ್ಯಂತ ಇರುವಂಥದು. ತಾಯಿಯ ಸಾಕಣೆಯ ದೋಷದಿಂದ ಬಂದದ್ದಲ್ಲ, ಲಸಿಕೆಯಿಂದ ಬಂದದ್ದಲ್ಲ, ಗ್ರಹಚಾರವೂ ಅಲ್ಲ. ಗಂಡುಮಕ್ಕಳಲ್ಲಿ ಹೆಚ್ಚಾಗಿ ಪತ್ತೆಯಾಗುತ್ತದೆ. ಹೆಣ್ಣುಮಕ್ಕಳು ಗೆಳತಿಯರ ನಡೆನುಡಿಯನ್ನು ಅನುಕರಿಸಿ ತಮ್ಮ ಕಷ್ಟವನ್ನು ಮರೆಮಾಚುವುದುಂಟು. ಆದ್ದರಿಂದ ಅವರಲ್ಲಿ ತಡವಾಗಿ ತಿಳಿಯುತ್ತದೆ. ದಿನವಿಡೀ ನಟಿಸಿದ ಆಯಾಸದಿಂದ ಮನೆಗೆ ಬಂದೊಡನೆ ಕೋಣೆಯ ಬಾಗಿಲು ಹಾಕಿಕೊಳ್ಳುವ ಮಗಳನ್ನು ಗದರಿಸುವ ಮೊದಲು ಇದನ್ನು ನೆನೆಯಬೇಕು.

ಮಾತಿನ ಒಳಗಿನ ಮಾತು

ನಮ್ಮ ದಿನನಿತ್ಯದ ಮಾತುಕತೆಯಲ್ಲಿ ಹೇಳುವುದೊಂದು, ಅರ್ಥವೊಂದು. ‘ಊಟ ಆಯಿತೇ?’ ಎಂದು ಕೇಳುವವರಿಗೆ ನಮ್ಮ ಊಟದ ವಿವರ ಬೇಕಾಗಿರುವುದಿಲ್ಲ, ಅದು ಕುಶಲಪ್ರಶ್ನೆ. ಆಸ್ಪರ್ಗರ್ ಇರುವ ಯುವಕ ರೊಟ್ಟಿ ಎಷ್ಟು, ಪಲ್ಯ ಯಾವುದು ಎಂದು ಕ್ರಮವಾಗಿ ತಿಳಿಸಬಹುದು. ‘ನಾಳೆ ನೋಡೋಣ’ ಎಂದು ಅಧ್ಯಾಪಕರು ಜಾರಿಕೊಂಡರೆ, ಅವನು ಮರುದಿನ ಬೆಳಿಗ್ಗೆ ಒಂಬತ್ತಕ್ಕೇ ಅವರ ಕೊಠಡಿಯ ಮುಂದೆ ನಿಂತಿರುತ್ತಾನೆ. ‘ಈ ಅಧ್ಯಾಯದ ಮೇಲೆ ಕಣ್ಣಾಡಿಸಿ ಬನ್ನಿ’ ಎಂದರೆ ನಿಜವಾಗಿಯೂ ಕಣ್ಣಾಡಿಸಿ ಬರುತ್ತಾನೆ. ಇದರಲ್ಲಿ ಉದ್ಧಟತನವಿಲ್ಲ. ಮುಖಭಾವ, ಧ್ವನಿಯ ಏರಿಳಿತ, ವ್ಯಂಗ್ಯ ಇವುಗಳನ್ನು ನಾವು ಯಾರೂ ಕಲಿಸದೆಯೇ ಓದುತ್ತೇವೆ. ಅವನು ಅವುಗಳನ್ನು ಪರಭಾಷೆಯಂತೆ ಒಂದೊಂದಾಗಿ ಕಲಿಯಬೇಕಾಗುತ್ತದೆ.

ಇದರೊಂದಿಗೆ ಇಂದ್ರಿಯಗಳ ಸೂಕ್ಷ್ಮತೆಯೂ ಇರಬಹುದು. ಮಿಣುಕುವ ಟ್ಯೂಬ್‌ಲೈಟು, ಪ್ರಯೋಗಾಲಯದ ವಾಸನೆ, ಒರಟು ಸಮವಸ್ತ್ರ ಇವು ಉಳಿದವರಿಗೆ ಗಮನಕ್ಕೂ ಬಾರದಿದ್ದರೂ ಅವನಿಗೆ ಸಹಿಸಲಸಾಧ್ಯವಾಗಬಹುದು.

ಕಾಲೇಜಿನಲ್ಲಿ ಬದಲಾಗುವುದೇನು?

ಶಾಲೆಯಲ್ಲಿ ಗಂಟೆ ಬಾರಿಸುತ್ತದೆ, ಕೊಠಡಿ ಒಂದೇ, ಬೆಂಚು ಒಂದೇ, ಪಠ್ಯಪುಸ್ತಕ ಒಂದೇ. ಮನೆಯಲ್ಲಿ ತಾಯಿ ಎಬ್ಬಿಸುತ್ತಾಳೆ, ಬಟ್ಟೆ ತೆಗೆದಿಡುತ್ತಾಳೆ. ಈ ಕಟ್ಟುಪಾಡಿನ ಆಸರೆಯಲ್ಲಿ ಮಗು ಚೆನ್ನಾಗಿಯೇ ಓದುತ್ತದೆ. ಕಾಲೇಜಿನಲ್ಲಿ ಈ ಆಸರೆ ಒಮ್ಮೆಗೇ ಕಳಚಿಬೀಳುತ್ತದೆ. ತಾಸಿಗೊಂದು ಕೊಠಡಿ, ಮುನ್ಸೂಚನೆಯಿಲ್ಲದೆ ರದ್ದಾಗುವ ತರಗತಿ, ಗುಂಪು ಪ್ರಾಜೆಕ್ಟು, ಸೆಮಿನಾರು, ಮೌಖಿಕ ಪರೀಕ್ಷೆ, ಇವೆಲ್ಲವೂ ಏಕಕಾಲಕ್ಕೆ ಎದುರಾಗುತ್ತವೆ. ಪಾಠ ಕಠಿಣವಾದುದಕ್ಕಿಂತ ಪಾಠದ ಸುತ್ತಲಿನ ಜಗತ್ತು ಅಸ್ಪಷ್ಟವಾದುದೇ ಅವನನ್ನು ಸೋಲಿಸುತ್ತದೆ.

ವಸತಿನಿಲಯದ್ದು ಇನ್ನೊಂದು ಪರೀಕ್ಷೆ. ನಮ್ಮ ನಾಡಿನ ಪ್ರಸಾದ ನಿಲಯಗಳಲ್ಲಿ ನೂರಾರು ಮಂದಿ ಒಟ್ಟಿಗೆ ಕುಳಿತು ಊಟ ಮಾಡುತ್ತಾರೆ. ತಟ್ಟೆ ಲೋಟಗಳ ಸದ್ದು, ಸರದಿಯ ನೂಕುನುಗ್ಗಲು ತಾಳಲಾರದೆ ಊಟವನ್ನೇ ತಪ್ಪಿಸುವ ಹುಡುಗ ಅಲ್ಲಿರಬಹುದು. ಅವನಿಗೆ ಕಾಲು ಗಂಟೆ ಮೊದಲು ಬಡಿಸಿದರೆ ಸಮಸ್ಯೆಯ ಅರ್ಧಭಾಗ ತೀರುತ್ತದೆ. ತನ್ನನ್ನು ಗೇಲಿ ಮಾಡುತ್ತಿದ್ದಾರೆಂಬುದೇ ಅವನಿಗೆ ತಿಳಿಯದಿರುವುದುಂಟು. ಆದ್ದರಿಂದ ರ‍್ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲಿ ಮಾಡಿದ ನಿಯಮಗಳು ಇಂಥವನ ಪಾಲಿಗೆ ಬಹು ಮುಖ್ಯ. ಅವನು ದೂರು ಕೊಡಲಿ ಎಂದು ಕಾಯದೆ ಹಿರಿಯರೇ ಕಣ್ಣಿಟ್ಟಿರಬೇಕು.

ಒಬ್ಬ ಗುರು, ಒಂದು ಯಂತ್ರ

ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಅವರದು ತಿಳಿಯತಕ್ಕ ಉದಾಹರಣೆ. 1947ರಲ್ಲಿ ಜನಿಸಿದ ಅವರು ಸ್ವಲೀನತೆಯುಳ್ಳವರು. ಮೂರು ವರ್ಷ ದಾಟಿದರೂ ಮಾತು ಬಂದಿರಲಿಲ್ಲ. ಬಿಗಿಯಾದ ಒತ್ತಡ ದೇಹಕ್ಕೆ ತಗುಲಿದರೆ ತಮ್ಮ ಉದ್ವೇಗ ಶಮನವಾಗುವುದನ್ನು ಕಂಡುಕೊಂಡು, ಹದಿನೆಂಟರ ಹರೆಯದಲ್ಲಿ ಹಲಗೆಗಳಿಂದ ಒಂದು ಯಂತ್ರವನ್ನೇ ರಚಿಸಿಕೊಂಡರು. ಅದು ವಿಚಿತ್ರವೆಂದು ಹಲವರು ವಿರೋಧಿಸಿದರು. ಆದರೆ ಅವರ ಪ್ರೌಢಶಾಲೆಯ ವಿಜ್ಞಾನ ಗುರುಗಳಾದ ವಿಲಿಯಂ ಕಾರ್ಲಾಕ್ ಹೀಗಳೆಯಲಿಲ್ಲ. ಅದು ಏಕೆ ನೆಮ್ಮದಿ ನೀಡುತ್ತದೆಂಬುದನ್ನು ವಿಜ್ಞಾನದ ದಾರಿಯಿಂದ ತಿಳಿಯುವಂತೆ ಪ್ರೇರೇಪಿಸಿದರು. ಹಠವೆಂದು ಕಂಡದ್ದು ಹೀಗೆ ಓದಿನ ಬಾಗಿಲಾಯಿತು. ಗ್ರ್ಯಾಂಡಿನ್ 1970ರಲ್ಲಿ ಪದವಿ ಪಡೆದರು, 1989ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಗಳಿಸಿದರು, ಮುಂದೆ ಪಶುವಿಜ್ಞಾನದ ಪ್ರಾಧ್ಯಾಪಕರಾದರು. ಎಲ್ಲರೂ ಹಾಗಾಗಬೇಕೆಂದಿಲ್ಲ. ಆದರೆ ಅರಿತು ನಡೆಯುವ ಒಬ್ಬ ಹಿರಿಯರು ದೊರೆತರೆ ಎಷ್ಟು ವ್ಯತ್ಯಾಸವಾಗುತ್ತದೆಂಬುದನ್ನು ಅವರ ಬದುಕು ತೋರಿಸುತ್ತದೆ.

ಕಾನೂನಿನ ಆಸರೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಸ್ವಲೀನತೆಯೂ ಒಂದು. ವೈದ್ಯಕೀಯ ಮಂಡಳಿಯು ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣವೆಂದು ದೃಢೀಕರಿಸಿದರೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ರಷ್ಟು ಮೀಸಲಾತಿಯ ವ್ಯಾಪ್ತಿಗೆ ಬರಬಹುದು. ಗರಿಷ್ಠ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆಯೂ ಉಂಟು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ಇಂತಹ ಅಭ್ಯರ್ಥಿಗಳಿಗೆ ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಸಮಯವನ್ನು ಹೇಳಿದೆ. ಇದು ಭಿಕ್ಷೆಯಲ್ಲ, ಹಕ್ಕು. ‘ಪ್ರಮಾಣಪತ್ರ ಮಾಡಿಸಿದರೆ ನಾಳೆ ಮದುವೆಗೆ ತೊಡಕಾದೀತು’ ಎಂಬ ಅಂಜಿಕೆಯಿಂದ ಹಿಂಜರಿಯುವವರು ಅನೇಕರು. ವಯಸ್ಕನಾದ ವಿದ್ಯಾರ್ಥಿಯೊಡನೆಯೇ ಕುಳಿತು ಸಾಧಕ ಬಾಧಕಗಳನ್ನು ಚರ್ಚಿಸಿ, ಅವನ ಒಪ್ಪಿಗೆಯಿಂದ ನಿರ್ಧರಿಸುವುದು ಉಚಿತ.

ಮನೆಯವರೂ ಅಧ್ಯಾಪಕರೂ ಮಾಡಬೇಕಾದದ್ದು

1. ಸೇರುವ ಮೊದಲೇ ಎರಡು ಮೂರು ಬಾರಿ ಕಾಲೇಜಿಗೆ ಕರೆದೊಯ್ದು, ಕೊಠಡಿ, ಗ್ರಂಥಾಲಯ, ಶೌಚಾಲಯ, ಬಸ್ ನಿಲ್ದಾಣ ಎಲ್ಲವನ್ನೂ ತೋರಿಸಿರಿ.

2. ಸೂಚನೆಗಳನ್ನು ಬರವಣಿಗೆಯಲ್ಲಿ ಕೊಡಿರಿ. ‘ಬೇಗ ಒಪ್ಪಿಸು’ ಎನ್ನುವ ಬದಲು ‘ಶುಕ್ರವಾರ ನಾಲ್ಕು ಗಂಟೆಯೊಳಗೆ, ಹತ್ತು ಪುಟ’ ಎಂದು ಹೇಳಿರಿ.

3. ಕಷ್ಟ ಬಂದಾಗ ಹೋಗಿ ಹೇಳಿಕೊಳ್ಳಲು ಒಬ್ಬರೇ ಅಧ್ಯಾಪಕರನ್ನು ನಿಗದಿಪಡಿಸಿರಿ.

4. ಗುಂಪು ಪ್ರಾಜೆಕ್ಟಿನಲ್ಲಿ ಅವನ ಪಾಲಿನ ಕೆಲಸವನ್ನು ಸ್ಪಷ್ಟವಾಗಿ ಬೇರ್ಪಡಿಸಿ ಕೊಡಿರಿ.

5. ಗದ್ದಲ ಮಿತಿಮೀರಿದಾಗ ಹೊರಗೆ ಹೋಗಿ ಬರಲು ಅನುಮತಿಯಿರಲಿ. ‘ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡು’ ಎಂದು ಒತ್ತಾಯಿಸಬೇಡಿರಿ.

6. ಬಟ್ಟೆ ಒಗೆಯುವುದು, ಹಣ ಎಣಿಸುವುದು, ಬ್ಯಾಂಕಿನ ವ್ಯವಹಾರ ಇವನ್ನು ಪಿಯುಸಿ ಹಂತದಲ್ಲೇ ಕಲಿಸಿರಿ.

ಆಯುರ್ವೇದದ ನೆಲೆಯಿಂದ

ಈ ಸ್ಥಿತಿಯನ್ನು ಗುಣಪಡಿಸುವ ಔಷಧ ಯಾವ ವೈದ್ಯಪದ್ಧತಿಯಲ್ಲಿಯೂ ಇಲ್ಲ. ಆಯುರ್ವೇದ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ಘೃತ, ಲೇಹ್ಯ, ಭಸ್ಮಗಳ ಹೆಸರಿನಲ್ಲಿ ‘ಆಟಿಸಂ ಸಂಪೂರ್ಣ ಗುಣ’ ಎಂದು ಸಾವಿರಾರು ರೂಪಾಯಿ ಕೀಳುವವರಿಂದ ದೂರವಿರಿ. ಜೊತೆಗೆ ಬರುವ ಖಿನ್ನತೆ, ಆತಂಕ, ನಿದ್ರಾಹೀನತೆಗಳಿಗೆ ಮಾತ್ರ ಚಿಕಿತ್ಸೆಯುಂಟು. ಮನೋವೈದ್ಯರು ಕೊಟ್ಟ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.

ಆದರೆ ನಮ್ಮ ಶಾಸ್ತ್ರದ ಎರಡು ತತ್ತ್ವಗಳು ಇಲ್ಲಿ ಉಪಯುಕ್ತ. ಮೊದಲನೆಯದು ಪ್ರಕೃತಿ: ಪ್ರತಿಯೊಬ್ಬನ ದೇಹ ಮನಸ್ಸುಗಳ ಮೂಲಗುಣ ಬೇರೆ ಬೇರೆ, ಒಬ್ಬನಿಗೆ ಹಿತವಾದುದು ಇನ್ನೊಬ್ಬನಿಗೆ ಅಹಿತ. ಎರಡನೆಯದು ದಿನಚರ್ಯೆ: ನಿಯತ ವೇಳೆಗೆ ಏಳುವುದು, ಉಣ್ಣುವುದು, ಮಲಗುವುದು. ನಿಯಮವನ್ನೇ ಆಶ್ರಯಿಸುವ ಈ ಮನಸ್ಸುಗಳಿಗೆ ದಿನಚರ್ಯೆ ಒಗ್ಗುತ್ತದೆ. ಅಭ್ಯಂಗದ ಒತ್ತಡ ಕೆಲವರಿಗೆ ನೆಮ್ಮದಿ ನೀಡಬಹುದು, ಕೆಲವರು ಸ್ಪರ್ಶವನ್ನೇ ಸಹಿಸರು, ಕೇಳಿಯೇ ಮುಂದುವರಿಯಬೇಕು. ತಿನ್ನುವ ಪದಾರ್ಥಗಳು ನಾಲ್ಕೈದೇ ಇದ್ದರೆ ಬಲವಂತ ಮಾಡದೆ, ಒಂದೊಂದಾಗಿ ಹೊಸದನ್ನು ಸೇರಿಸಿರಿ.

ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ವಿದ್ಯಾರ್ಥಿಯು ಊಟ ನಿದ್ರೆ ಬಿಟ್ಟರೆ, ಬದುಕು ಸಾಕೆಂಬ ಮಾತಾಡಿದರೆ ಒಂದು ದಿನವೂ ತಡಮಾಡಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಈ ಸಾಲಿನಲ್ಲಿ ಮಗನನ್ನೋ ಮಗಳನ್ನೋ ಕಾಲೇಜಿಗೆ ಕಳುಹಿಸುತ್ತಿರುವ ಪಾಲಕರು ಅಂಕಪಟ್ಟಿಯ ಜೊತೆಗೆ ಇನ್ನೊಂದು ಹಾಳೆಯನ್ನು ಸಿದ್ಧಪಡಿಸಲಿ. ತನಗೆ ಯಾವುದು ಕಷ್ಟ, ಯಾವುದು ಸುಲಭ, ಯಾವಾಗ ಯಾರ ನೆರವು ಬೇಕು ಎಂಬುದನ್ನು ವಿದ್ಯಾರ್ಥಿಯೇ ತನ್ನ ಮಾತಿನಲ್ಲಿ ಅದರಲ್ಲಿ ಬರೆಯಲಿ. ಅವನು ಒಪ್ಪಿದರೆ ಆ ಹಾಳೆಯನ್ನು ಮೊದಲ ವಾರದಲ್ಲೇ ಅಧ್ಯಾಪಕರ ಕೈಗೆ ತಲುಪಿಸಿರಿ.